‘ಮನೆಯಲ್ಲಿ ಯಾರೂ ಇಲ್ಲ’ ಎಂದ ಮನೆಗಳ ಮರುಎಣಿಕೆ

ಜಿಲ್ಲಾ ಜನಗಣತಿ ಕಚೇರಿ
ಸಂಖ್ಯೆ: ಜಗಕ/ಮರುಎಣಿಕೆ/ತುರ್ತು/2

ವಿಷಯ: ಮನೆಯಲ್ಲಿದ್ದೂ ಇಲ್ಲವೆಂದ ಮಹಿಳೆಯರನ್ನು ಎಣಿಸುವ ಬಗ್ಗೆ.

ಉಲ್ಲೇಖ: ಜಿಲ್ಲೆಯಲ್ಲಿ ಸಾಕಷ್ಟು ಜನರಿಲ್ಲದ ಕಾರಣ ಅದನ್ನು ಹೊಳೆಯಾಚೆಯ ಜಿಲ್ಲೆಗೆ ಸೇರಿಸಲಾಗುವುದೆಂಬ ಮೇಲಿನ ಕಚೇರಿಯ ಪತ್ರ.

ಹಾಗೆ ಸೇರಿಸಿದಲ್ಲಿ ನಮ್ಮ ಹೆರಿಗೆ ಆಸ್ಪತ್ರೆಯೂ ಹೊಳೆ ದಾಟಲಿದೆ. ಜನ ಎಲ್ಲಿ ಹೋದರೆಂದು ವಿಚಾರಿಸಲಾಗಿ, ಯಾರೂ ಎಲ್ಲಿಗೂ ಹೋಗಿಲ್ಲವೆಂದು ತಿಳಿದುಬಂದಿದೆ. ಗಂಡಸರು ಕೆಲಸಕ್ಕೆ ಹೋದ ವೇಳೆ ಗಣತಿದಾರರು ಬಾಗಿಲು ತಟ್ಟಿದಾಗ ಒಳಗಿನಿಂದ ಹೆಣ್ಣು ದನಿಯೊಂದು, “ಮನೇಲಿ ಯಾರೂ ಇಲ್ರೀ, ಸಾಯಂಕಾಲ ಬನ್ನಿ” ಎಂದಿದೆ. ಗಣತಿದಾರರು ಅದನ್ನು ನಂಬಿ ಸೊನ್ನೆ ಬರೆದಿದ್ದಾರೆ. ಆದ್ದರಿಂದ ಬರುವ ಭಾನುವಾರದ ಮರುಎಣಿಕೆಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ‘ಯಾರೂ ಇಲ್ಲ’ ಎಂದು ಹೇಳಿದವರನ್ನು ಒಬ್ಬರೆಂದು ಪರಿಗಣಿಸತಕ್ಕದ್ದು.

2. ಬಾಗಿಲಲ್ಲಿ ನಿಂತು “ಯಜಮಾನರು ಇದ್ದಾರಾ?” ಎಂದು ಕೇಳತಕ್ಕದ್ದಲ್ಲ. ಬೇರೇನು ಕೇಳಬೇಕೆಂದು ತೋಚದ ಗಣತಿದಾರರು ನೀರು ಕೇಳಬಹುದು.

3. ಕುಕ್ಕರ್ ಕೂಗಿದ್ದು ಕೇಳಿಸಿದಲ್ಲಿ ಒಳಗೆ ಒಬ್ಬರಿದ್ದಾರೆಂದು ಭಾವಿಸತಕ್ಕದ್ದು. ಎಷ್ಟು ಸಲ ಕೂಗಿತೋ ಅಷ್ಟು ಜನ ಎಂದು ಬರೆಯುವುದನ್ನು ನಿಷೇಧಿಸಲಾಗಿದೆ.

4. ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ “ಯಾರೂ ಇಲ್ಲ” ಎಂದಿರುತ್ತಾರೆ. ಸೊಸೆ ಮದುವೆಯಾಗಿ ಬಂದಂದಿನಿಂದ ಅವರಿಬ್ಬರೂ ಒಪ್ಪಿಕೊಂಡ ಮೊದಲ ಸಂಗತಿ ಅದಾಗಿರುವುದರಿಂದ, ಎಣಿಸುವಾಗ ಆ ಒಮ್ಮತಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳತಕ್ಕದ್ದು.

5. ‘ಗಂಡಸರು: ಇಲ್ಲ. ಹೆಂಗಸರು: ಇಲ್ಲ. ನಾಯಿ: ಇದೆ, ಕಟ್ಟಿಲ್ಲ’ ಎಂದು ಬರೆದ ಗಣತಿದಾರರು ನಾಯಿಗೆ ಅನ್ನ ಹಾಕುವವರು ಯಾರೆಂದು ವಿವರಣೆ ಸಲ್ಲಿಸತಕ್ಕದ್ದು.

6. “ಅಯ್ಯೋ, ನನ್ನನ್ನೂ ಬರ್ಕೋತೀರಾ?” ಎಂದು ಕೇಳಿದವರ ಎದುರು ನಗತಕ್ಕದ್ದಲ್ಲ. ಬರೆದದ್ದನ್ನು ತೋರಿಸತಕ್ಕದ್ದು. ಅವರು ಇನ್ನೊಮ್ಮೆ ನೋಡಬೇಕೆಂದರೆ ಇನ್ನೊಮ್ಮೆ ತೋರಿಸತಕ್ಕದ್ದು.

7. ಸೊನ್ನೆ ಬಂದ ಮನೆಗಳಲ್ಲಿ ಈ ಕೆಳಗೆ ಸಹಿ ಮಾಡಿರುವ ಅಧಿಕಾರಿಯ ಮನೆಯೂ ಸೇರಿರುವುದನ್ನು ವಿಷಾದದಿಂದ ಗಮನಿಸಲಾಗಿದೆ. ಸದರಿ ಅಧಿಕಾರಿಯು ಅಂದು ತಲೆನೋವಿನ ರಜೆಯಲ್ಲಿದ್ದು, ತಾವೇ ಕಳಿಸಿದ ಗಣತಿದಾರನಿಗೆ ಅಡುಗೆಮನೆಯಿಂದಲೇ “ಯಾರೂ ಇಲ್ಲಪ್ಪ” ಎಂದು ಕೂಗಿ ಹೇಳಿರುತ್ತಾರೆ. ದನಿ ಗುರುತು ಸಿಕ್ಕಿತ್ತಾದರೂ, ಮೇಲಧಿಕಾರಿಯ ಮಾತನ್ನು ಅನುಮಾನಿಸುವುದು ನಡತೆ ನಿಯಮಗಳಿಗೆ ವಿರುದ್ಧವಾದ್ದರಿಂದ ತಾನು ಹಿಂತಿರುಗಿದೆನೆಂದು ಗಣತಿದಾರ ತಿಳಿಸಿದ್ದಾನೆ. ವಿವರಣೆಯನ್ನು ಒಪ್ಪಲಾಗಿದೆ.

8. ಮರುಎಣಿಕೆಯ ದಿನ ಎಲ್ಲ ಮಹಿಳೆಯರೂ ಬಾಗಿಲು ತೆರೆದು “ನಾನಿದ್ದೀನಿ” ಎಂದು ಹೇಳತಕ್ಕದ್ದು. ಹೇಳಲು ಸುಲಭವೆನಿಸಿದರೂ ಮೊದಲೇ ಅಭ್ಯಾಸ ಮಾಡಿಕೊಳ್ಳುವುದು ಒಳಿತು. ಸದರಿ ಅಧಿಕಾರಿಯು ನಿನ್ನೆ ಪಾತ್ರೆ ತೊಳೆಯುತ್ತಾ ಇದನ್ನು ಗಟ್ಟಿಯಾಗಿ ಹೇಳಿ ನೋಡಿದಾಗ, ಹಜಾರದಿಂದ ಅವರ ಪತಿ, “ಯಾರೇ ಅದು, ಯಾರ ಹತ್ರ ಮಾತಾಡ್ತಿದ್ದೀಯ?” ಎಂದು ಕೇಳಿದ್ದು, “ಯಾರೂ ಇಲ್ಲ ಬಿಡಿ” ಎಂಬ ಉತ್ತರ ಹೋಗಿರುತ್ತದೆ. ಅಭ್ಯಾಸವನ್ನು ಮುಂದುವರಿಸಲಾಗಿದೆ.

(ಸಹಿ)
ಜಿಲ್ಲಾ ಗಣತಿ ಅಧಿಕಾರಿ
(ಸದ್ಯಕ್ಕೆ ಎಣಿಕೆಯಲ್ಲಿಲ್ಲ)

ಪ್ರತಿಗಳು:
ಮೇಲಿನ ಕಚೇರಿಗೆ, ಸೋಮವಾರದವರೆಗೆ ತಾಳ್ಮೆ ಕೋರಿ.
ಹೊಳೆಯಾಚೆಯ ಜಿಲ್ಲೆಗೆ, ಹೊಸ ನಾಮಫಲಕ ಬರೆಸುವುದನ್ನು ನಿಲ್ಲಿಸಲು.
ಹೆರಿಗೆ ಆಸ್ಪತ್ರೆಯ ದಾದಿಗೆ, ಗಂಟುಮೂಟೆ ಬಿಚ್ಚಿಡಲು.
ಅಧಿಕಾರಿಯ ಪತಿಗೆ, ಭಾನುವಾರ ಯಾರು ಬಾಗಿಲು ತಟ್ಟಿದರೂ ಕುರ್ಚಿಯಿಂದ ಏಳದಿರಲು.