ಅಡುಗೆಯವನೆಂದು ದಾಖಲಾದ ಹವಾಲ್ದಾರನ ಬಿನ್ನಹ

ಶಿಡ್ಲಘಟ್ಟ ತಾಲ್ಲೂಕು, ಕೋಲಾರ ಜಿಲ್ಲೆ
ಫೆಬ್ರವರಿ ೧೯೬೦

ಪಲ್ಟನ್ನಿನ ದಾಖಲೆಗಳನ್ನು ಕಾಯುವ ಮಾನ್ಯರೇ,

ತಾವೂ, ತಮ್ಮ ಕಚೇರಿಯ ಬೀರುಗಳೂ, ಆ ಬೀರುಗಳ ಬೀಗದಕೈಗಳೂ, ಅವನ್ನು ಎಲ್ಲಿಟ್ಟಿದ್ದೀರೆಂಬ ತಮ್ಮ ನೆನಪೂ ಸುಕ್ಷೇಮವಾಗಿರಲೆಂದು ನಮ್ಮೂರ ಆಂಜನೇಯನಿಗೆ ಪ್ರತಿ ಶನಿವಾರ ಕೈಮುಗಿಯುತ್ತಿರುವ ಬಯ್ಯಪ್ಪನ ಅನಂತ ನಮಸ್ಕಾರಗಳು.

ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ಲಕೋಟೆಯೊಳಗಿಟ್ಟು ಕಳಿಸಿದ ನನ್ನ ಹಿಂದಿನ ಅರ್ಜಿಗಳು ತಮ್ಮಲ್ಲಿ ಎಷ್ಟು ಭದ್ರವಾಗಿವೆಯೆಂದರೆ ತಮ್ಮ ಕೈಗೇ ಸಿಗುತ್ತಿಲ್ಲವೆಂದು ತಾವೇ ತಿಳಿಸಿದ್ದೀರಿ. ಪತ್ರಿಕೆಯಲ್ಲಿ ಅಚ್ಚಾದರೆ ಎಂದಾದರೊಂದು ದಿನ ಕಡಲೆಕಾಯಿಯ ಪೊಟ್ಟಣವಾಗಿಯಾದರೂ ತಮ್ಮ ಮೇಜಿನ ಮೇಲೆ ಬಂದು ಕೂರಬಹುದು ಎಂಬ ಆಸೆ.

ನಾನು ೧೯೪೧ರಲ್ಲಿ ಪಲ್ಟನ್ ಸೇರಿದವನು, ಬರ್ಮಾ ಕಂಡವನು, ಯುದ್ಧ ಮುಗಿದ ಮೇಲೆ ಹವಾಲ್ದಾರನಾಗಿ ಊರಿಗೆ ಬಂದು ಹಿಪ್ಪುನೇರಳೆ ತೋಟ ಮಾಡಿಕೊಂಡು ರೇಷ್ಮೆಹುಳ ಸಾಕುತ್ತಿರುವವನು. ಊರಿನಲ್ಲಿ ನನ್ನನ್ನು ಹೆಸರಿಟ್ಟು ಕರೆಯುವವರು ಕಡಿಮೆ. ಹವಾಲ್ದಾರರ ಮನೆ, ಹವಾಲ್ದಾರರ ಬಾವಿ ಎನ್ನುವುದೇ ರೂಢಿ. ಪಕ್ಕದ ಹೊಲದವರು ತಮ್ಮ ಎಮ್ಮೆ ಮಾರಿದರೂ ಹವಾಲ್ದಾರರ ಎಮ್ಮೆ ಮಗ್ಗುಲಲ್ಲಿ ಕಟ್ಟುವ ಎಮ್ಮೆ ಎಂದೇ ಗುರುತು ಹೇಳುತ್ತಾರೆ. ಕಳೆದ ವರ್ಷ ಆಗಸ್ಟ್ ಹದಿನೈದರ ಮೆರವಣಿಗೆಯಲ್ಲಿ ಮಾಜಿ ಯೋಧರು ತಮ್ಮ ದರ್ಜೆಯ ಪ್ರಕಾರ ಸಾಲಾಗಿ ನಡೆಯಬೇಕು, ಅದಕ್ಕೆ ದರ್ಜೆಯ ಪ್ರಮಾಣಪತ್ರ ತರಬೇಕು ಎಂದು ತಾಲ್ಲೂಕಿನವರು ಹೇಳಿದ್ದರಿಂದ ತಮಗೆ ಬರೆದುಕೊಂಡೆ. ತಾವು ಕೂಡಲೇ ಉತ್ತರ ಕೊಟ್ಟಿರಿ. ಅದು ದೀಪಾವಳಿಗೆ ಮೊದಲೇ ಬಂದು ತಲುಪಿತು. ಮೆರವಣಿಗೆಯ ದಿನ ನಾನು ಬೇಲಿಯಾಚೆ ನಿಂತು, ನಡೆಯುವವರ ಹೆಜ್ಜೆ ತಪ್ಪುವುದನ್ನು ನೋಡಿ ಬಹಳ ಸಂತೋಷಪಟ್ಟೆ. ಸಾಲಿನೊಳಗಿದ್ದಿದ್ದರೆ ಈ ಭಾಗ್ಯವಿರುತ್ತಿರಲಿಲ್ಲ.

ಆ ಪತ್ರ ಬಂದದ್ದು ಹಣ್ಣಾದ ಹುಳುಗಳನ್ನು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡುತ್ತಿದ್ದ ದಿನ. ಗೂಡು ಕಟ್ಟಲು ಸಿದ್ಧವಾದ ಹುಳು ಕಾಯುವುದಿಲ್ಲವಾದ್ದರಿಂದ ಅರ್ಧ ಊರೇ ಕೈಜೋಡಿಸಲು ನಮ್ಮ ಪಡಸಾಲೆಯಲ್ಲಿ ಸೇರಿತ್ತು. ಅಂಚೆಯ ಮುನಿಶಾಮಪ್ಪ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವನು. ಅವನು ಲಕೋಟೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಎಲ್ಲರಿಗೂ ಕೇಳುವಂತೆ, "ಹವಾಲ್ದಾರ್ರೇ, ಇದ್ರಾಗೆ ಕುಕ್ ಬಯ್ಯಪ್ಪ ಅಂತ ಐತೆ. ನಿಮ್ಮೂರಾಗೆ ಇನ್ನೊಬ್ಬ ಬಯ್ಯಪ್ಪ ಅವ್ನಾ?" ಎಂದ.

ಇರಲಿಲ್ಲ. ಒಳಗಿನ ಕಾಗದದಲ್ಲಿ ನನ್ನ ನಂಬರು, ನನ್ನ ತಂದೆಯ ಹೆಸರು, ನನ್ನ ಎಡಗೆನ್ನೆಯ ಮಚ್ಚೆ ಎಲ್ಲವೂ ಸರಿಯಾಗಿದ್ದವು. ದರ್ಜೆ: ಅಡುಗೆಯವನು. ನಡತೆ: ಉತ್ತಮ. ಷರಾ: ಇವನು ಮಾಡುವ ಬೇಳೆಸಾರು ಬಹು ಚೆನ್ನ.

ಮಾನ್ಯರೇ, ಈ ಷರಾ ಸುಳ್ಳೆಂದು ನಾನು ಹೇಳುವುದಿಲ್ಲ. ಬೆಟ್ಟದ ಮೇಲಿನ ಠಾಣ್ಯದಲ್ಲಿ ನಮ್ಮ ಅಡುಗೆಯವನು ಮಲೇರಿಯಾ ಬಂದು ಮಲಗಿದಾಗ, ಆಗಿನ್ನೂ ಹವಾಲ್ದಾರನ ಕೆಳಗಿನ ನಾಯಕನ ದರ್ಜೆಯಲ್ಲಿದ್ದ ನಾನು ಕೆಲವು ದಿನ ಸೌಟು ಹಿಡಿದದ್ದುಂಟು. ನಮ್ಮ ಬಿಳಿಯ ಕ್ಯಾಪ್ಟನ್ ಸಾಹೇಬರು ಎರಡು ಸಲ ಸಾರು ಹಾಕಿಸಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು ಏನೋ ಬರೆದುಕೊಂಡರು. ಆ ಪೆನ್ಸಿಲ್ ಗೀಚು ಗುಂಡಿನ ಮಳೆಯನ್ನೂ ಸಮುದ್ರವನ್ನೂ ದಾಟಿ, ಸ್ವಾತಂತ್ರ್ಯವನ್ನೂ ದಾಟಿ, ತಮ್ಮ ಬೀರುವಿನಲ್ಲಿ ಸುರಕ್ಷಿತವಾಗಿ ಬಂದು ಸೇರಿದೆ. ಅದರ ಹಿಂದೆಯೇ ಅವರು ಮಸಿಯಲ್ಲಿ ಬರೆದ ಬಡ್ತಿಯ ಆಜ್ಞೆ ಮಾತ್ರ ದಾರಿ ತಪ್ಪಿದೆ. ಸಾರಿನ ಘಮಕ್ಕೆ ಇರುವ ದಿಕ್ಕಿನ ಜ್ಞಾನ ಆಜ್ಞೆಗಳಿಗೆ ಇಲ್ಲವೆಂದು ತಮ್ಮಿಂದಲೇ ತಿಳಿದೆ.

ಆ ಸಂಜೆ ನನ್ನ ಹೆಂಡತಿ ಅಕ್ಕಯ್ಯಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಇಷ್ಟು ವರ್ಷದಿಂದ ಬೇಯ್ಸಿ ಹಾಕ್ತಾ ಇವ್ನಿ. ಒಂದಿನಾನಾದ್ರೂ ನಂಗೂ ಅಡ್ಗೆ ಬರುತ್ತೆ ಕಣೇ ಅಂತ ಅಂದ್ರಾ ನೀವು? ಸರ್ಕಾರದೋರು ಬರೆದು ತಿಳಿಸ್ಬೇಕಾಯ್ತು," ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು. ಅಂದಿನಿಂದ ಭಾನುವಾರಗಳಂದು ಬೇಳೆಸಾರು ನನ್ನದು. ಒಂದು ವಾರ ತೊಗರಿಬೇಳೆ ಬೇಯಲಿಲ್ಲವೆಂದು ನೆಪ ಹೇಳಿದ್ದಕ್ಕೆ, ತಮ್ಮ ಷರಾವನ್ನು ಗಟ್ಟಿಯಾಗಿ ಓದಿಸಿದಳು. ತಮ್ಮ ಕಚೇರಿಯ ಮುದ್ರೆಗೆ ನಮ್ಮ ಮನೆಯಲ್ಲಿರುವಷ್ಟು ಮರ್ಯಾದೆ ಡೆಲ್ಲಿಯಲ್ಲೂ ಇರಲಾರದು. ಊರವರೂ ಹಿಂದೆ ಬೀಳಲಿಲ್ಲ. ಒಬ್ಬರು ನಾಮಕರಣಕ್ಕೆ ಬಂದು ನೂರು ಜನಕ್ಕೆ ಹುಳಿ ಮಾಡಿಕೊಡುವಿರಾ ಎಂದು ವೀಳ್ಯದೊಂದಿಗೆ ಕೇಳಿಹೋದರು.

ಇಷ್ಟಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಗಳು ಅಶ್ವತ್ಥಮ್ಮನನ್ನು ಮಂಚೇನಹಳ್ಳಿಯ ವೆಂಕಟರಾಯಪ್ಪನವರ ಮಗನಿಗೆ ಕೊಡುವುದೆಂದು ಮಾತಾಗಿತ್ತು. ವೆಂಕಟರಾಯಪ್ಪನವರೂ ಯುದ್ಧಕ್ಕೆ ಹೋಗಿ ನಾಯಕನಾಗಿ ಬಂದವರು. ಅಂದರೆ ತೋಳಿನ ಮೇಲೆ ನನಗಿಂತ ಒಂದು ಪಟ್ಟಿ ಕಡಿಮೆ. ಗಂಡಿನ ಕಡೆಯವರಾದರೂ ಅವರು ನಮ್ಮ ಮನೆಗೆ ಬಂದಾಗ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕವಾಯತಿನಂತೆ ಸೆಟೆದು ಸಾವಧಾನ್ ನಿಲ್ಲುತ್ತಿದ್ದರು. ನಾನು ಆರಾಮ್ ಸೇ ಎಂದ ಮೇಲೆಯೇ ಕೂರುತ್ತಿದ್ದರು. ಹೆಣ್ಣು ಹೆತ್ತ ಯಾವ ತಂದೆಗೆ ಈ ಲೋಕದಲ್ಲಿ ಇಂಥ ಸುಖ ಸಿಕ್ಕಿದೆ? ತಮ್ಮ ಕಾಗದವನ್ನು ಬಚ್ಚಿಟ್ಟು ಮದುವೆ ಮಾಡಲು ಮನಸ್ಸು ಒಪ್ಪದೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಮಂಚೇನಹಳ್ಳಿಗೆ ಹೋದೆ.

ವೆಂಕಟರಾಯಪ್ಪನವರು ಕಾಗದವನ್ನು ನಿಧಾನವಾಗಿ ಓದಿಸಿಕೊಂಡರು. ಮಡಿಸಿ ಹಿಂದಕ್ಕೆ ಕೊಟ್ಟರು. ನಾನು ಅಂಗಳದ ಕಡೆ ನೋಡುತ್ತಾ ಕೂತಿದ್ದೆ.

"ಬೀಗ್ರೇ, ಸಾರಿಗೆ ಹುಳಿ ಏನ್ ಹಾಕ್ತಿದ್ರಿ ಅಲ್ಲಿ?" ಎಂದು ಕೇಳಿದರು.

ಕಾಡಿನಲ್ಲಿ ಸಿಗುತ್ತಿದ್ದ ಒಂದು ಹುಳಿ ಕಾಯಿಯ ಸಂಗತಿ ಹೇಳಿದೆ.

"ನಾನು ಪಲ್ಟನ್ನಾಗೆ ಹವಾಲ್ದಾರ್ರ ಮುಂದೆ ಸಾವಧಾನ್ ನಿಂತಿದ್ದು ಅವ್ರು ನೋಡ್ತಾ ಇದ್ದಾಗ ಮಾತ್ರ," ಎಂದರು ಅವರು. "ಕುಕ್ಕಿನ ಮುಂದೆ ತಟ್ಟೆ ಹಿಡ್ಕಂಡು ದಿನಾ ನಿಂತಿದ್ದೆ, ಯಾರು ನೋಡಿದ್ರೂ ನೋಡ್ದಿದ್ರೂ. ಲಗ್ನಪತ್ರಿಕೆಗೆ ಹವಾಲ್ದಾರ್ ಅಂತ್ಲೇ ಹಾಕ್ಸಿ. ಊಟದ ದಿನ ಸಾರು ನೀವೇ ಮಾಡಿ."

ಮದುವೆ ಬರುವ ಫಾಲ್ಗುಣದಲ್ಲಿ ಇದೆ. ತಾವು ದಯಮಾಡಿಸಬೇಕು.

ಆದರೂ ನಾನು ತಮಗೆ ಮತ್ತೆ ಮತ್ತೆ ಬರೆದದ್ದಕ್ಕೆ ಕಾರಣ ಬೀಗರಲ್ಲ, ಬೇಲಿಯಾಚೆ ನಿಂತದ್ದೂ ಅಲ್ಲ. ಹವಾಲ್ದಾರನ ಆ ಮೂರನೆಯ ಪಟ್ಟಿ ನನ್ನ ತೋಳಿಗೆ ಹೇಗೆ ಬಂತೆಂಬುದನ್ನು ಹೇಳಬೇಕು. ನಮ್ಮ ತುಕಡಿಯ ಹವಾಲ್ದಾರ ಚಿಂತಾಮಣಿ ಕಡೆಯ ಮುನಿವೆಂಕಟಪ್ಪ. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುತ್ತಿದ್ದ, ಎರಡರಲ್ಲೂ ನಗಿಸುತ್ತಿದ್ದ. ಒಂದು ಹೊಳೆ ದಾಟಿ ಹಿಂದಕ್ಕೆ ಬರುವಾಗ ಎದುರು ದಡದಿಂದ ಗುಂಡು ಬಂದು ಅವನ ಹೊಟ್ಟೆಗೆ ತಗುಲಿತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. "ಪಿಲ್ಲಲ್ನಿ ತೀಸ್ಕೊನಿ ಪೋ, ಬಯ್ಯಪ್ಪಾ," ಎಂದ. ಹುಡುಗರನ್ನು ಕರಕೊಂಡು ಹೋಗು ಎಂದಷ್ಟೇ. ಕರಕೊಂಡು ಬಂದೆ, ಬದುಕಿದ್ದ ಅಷ್ಟೂ ಹುಡುಗರನ್ನು ಕರಕೊಂಡು ಬಂದೆ. ಬೆಳಿಗ್ಗೆ ಕ್ಯಾಪ್ಟನ್ ಸಾಹೇಬರು ಎಲ್ಲರನ್ನೂ ಸಾಲು ನಿಲ್ಲಿಸಿ, ಮುನಿವೆಂಕಟಪ್ಪನ ತೋಳಿನಿಂದ ಬಿಚ್ಚಿ ತಂದಿದ್ದ ಪಟ್ಟಿಯನ್ನು ನನ್ನ ಕೈಗಿತ್ತರು. ಅದನ್ನು ನನ್ನ ತೋಳಿಗೆ ನಾನೇ ಹೊಲಿದುಕೊಂಡೆ.

ಇದನ್ನೆಲ್ಲ ಬರೆದು ಕಳಿಸಿದ್ದಕ್ಕೆ ತಾವು ಅತ್ಯಂತ ತಾಳ್ಮೆಯಿಂದ ಸಾಕ್ಷಿ ಕೇಳಿದಿರಿ. ಕೆಳಗಿನ ದರ್ಜೆಯ ಹುಡುಗರು ಸಾಲದು, ಮೇಲಿನವರೇ ಆಗಬೇಕು ಎಂದಿರಿ. ಕ್ಯಾಪ್ಟನ್ ಸಾಹೇಬರು ತಮ್ಮ ದೇಶಕ್ಕೆ ಹೋದರು. ಎದುರು ದಡದಲ್ಲಿ ಕಣ್ಣಾರೆ ಕಂಡವರು ಬಹಳ ಮಂದಿ ಇದ್ದರು. ಆದರೆ ಅವರು ಜಪಾನಿನವರು, ವಿಳಾಸ ಕೇಳಿಕೊಳ್ಳುವ ಸಂದರ್ಭ ಒದಗಲಿಲ್ಲ. ತಾವು ಆ ದೇಶಕ್ಕೊಂದು ಸುತ್ತೋಲೆ ಹೊರಡಿಸಿದರೆ ಯಾರಾದರೂ ಪ್ರಾಮಾಣಿಕರು ಮುಂದೆ ಬಂದಾರು.

ಅನಂತರ, ಡಿಸೆಂಬರಿನಲ್ಲಿ, ತಮ್ಮ ಕೊನೆಯ ಉತ್ತರ ಬಂತು. ಒಂದು ತುಕಡಿಗೆ ಒಬ್ಬನೇ ಹವಾಲ್ದಾರ; ತಮ್ಮ ದಾಖಲೆಯಂತೆ ಆ ಹುದ್ದೆಯಲ್ಲಿ ಮುನಿವೆಂಕಟಪ್ಪ ಎಂಬವರಿದ್ದು, ಅವರು ಹುದ್ದೆಯನ್ನು ತೆರವು ಮಾಡಿದ ಬಗ್ಗೆ ಯಾವ ಮಾಹಿತಿಯೂ ಇಲ್ಲವಾದ್ದರಿಂದ ನನ್ನ ಬಡ್ತಿ ಸಾಧ್ಯವಿಲ್ಲ. ಅವನು ಹೋದನೆಂದು ಆಗ ಅವನ ತಾಯಿಗೆ ತಂತಿ ಕಳಿಸಿದ್ದು ತಮ್ಮ ಪಕ್ಕದ ಕೋಣೆಯವರೇ ಇರಬೇಕು. ಗೋಡೆ ಬಹಳ ದಪ್ಪವೆಂದು ಕಾಣುತ್ತದೆ. ಅವನು ಹುದ್ದೆ ತೆರವು ಮಾಡುವಾಗ ನಾನು ಅಲ್ಲೇ ಇದ್ದೆ, ಮಾನ್ಯರೇ. ರಾಜೀನಾಮೆ ಬರೆಯಲು ಅವನಿಗೆ ಪುರಸತ್ತಿರಲಿಲ್ಲ.

ಆ ದಿನ ನನಗೆ ಬಂದ ಕೋಪಕ್ಕೆ ಒಲೆಯಿಲ್ಲದೆ ಬೇಳೆ ಬೇಯುತ್ತಿತ್ತು. ಅವನ ಹೆಸರನ್ನು ಮೊದಲು ಸರಿಪಡಿಸಿ, ಆಮೇಲೆ ನನ್ನದು, ಎಂದು ಬರೆಯಲು ಕೂತೆ. ಆದರೆ ಅವನ ತಾಯಿ ರಾಮಲಕ್ಷ್ಮಮ್ಮನವರನ್ನು ಕೇಳದೆ ಬರೆಯುವುದು ತರವಲ್ಲವೆನಿಸಿತು. ಯುದ್ಧದಿಂದ ಬಂದಾಗಿನಿಂದ ಪ್ರತಿ ಸಂಕ್ರಾಂತಿಗೆ ಚಿಂತಾಮಣಿಗೆ ಹೋಗಿ ಆಕೆಗೆ ಎಳ್ಳುಬೆಲ್ಲ ಕೊಟ್ಟು ಕಾಲಿಗೆರಗಿ ಬರುತ್ತೇನೆ. ಆಕೆಯೂ ನನ್ನನ್ನು ಹವಾಲ್ದಾರ ಎಂದೇ ಕರೆಯುವುದು. ಈ ಸಂಕ್ರಾಂತಿಗೆ ಹೋದಾಗ ತಮ್ಮ ಮೊದಲ ಕಾಗದದ, ಕೊನೆಯ ಕಾಗದದ ಸಂಗತಿ ಹೇಳಿದೆ. ನಾನು ಅಡುಗೆಯವನೆಂದಾಗ, "ಆ ಪಟ್ಟಿ ನಮ್ಮ ಮುನೆಂಕಟಂದು. ಸರ್ಕಾರ ಕೊಟ್ಟಿದ್ದಲ್ಲ ಅದು, ಸರ್ಕಾರ ಕಿತ್ಕಣಾಕೆ ಆಗಲ್ಲ," ಎಂದು ಕೈಯಾಡಿಸಿಬಿಟ್ಟರು.

ಕೊನೆಯ ಕಾಗದದ ಮಾತನ್ನು ಮಾತ್ರ ಮತ್ತೊಮ್ಮೆ ಹೇಳಿಸಿಕೊಂಡರು.

"ಅಂದ್ರೆ ಅವ್ರ ಪುಸ್ತಕದಾಗೆ ಅವ್ನು ಇನ್ನೂ ಕೆಲ್ಸದಾಗೇ ಅವ್ನೆ ಅನ್ನು."

ಹೌದಮ್ಮ ಎಂದೆ.

ಆಕೆ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಹಂಗೇ ಬುಟ್ಬಿಡಪ್ಪ. ಎಲ್ಲಾದ್ರೂ ಒಂದ್ಕಡೆ ಇರ್ಲಿ ಅವ್ನು," ಎಂದರು.

ಆದಕಾರಣ, ಮಾನ್ಯರೇ, ದರ್ಜೆ ತಿದ್ದಬೇಕೆಂಬ ನನ್ನ ಎಲ್ಲ ಅರ್ಜಿಗಳನ್ನೂ ಈ ಮೂಲಕ ವಾಪಸು ಪಡೆಯುತ್ತಿದ್ದೇನೆ. ನಾನು ಹವಾಲ್ದಾರನಾಗಬೇಕಾದರೆ ಅವನನ್ನು ತೆಗೆಯಬೇಕಾಗುತ್ತದೆ. ಅವನು ಇರಲಿ. ಮುಂದೆ ಯಾರಾದರೂ ಚುರುಕಾದ ಹೊಸ ಗುಮಾಸ್ತರು ಬಂದು ಬೀರು ಗುಡಿಸಿ ಎಲ್ಲವನ್ನೂ ಸರಿಪಡಿಸಲು ಹೊರಟರೆ, ತಾವು ದಯಮಾಡಿ ಅವರನ್ನು ಬೇರೆ ಊರಿಗೆ ವರ್ಗ ಮಾಡಿಸಿ ತಮ್ಮ ಕಚೇರಿಯ ಪದ್ಧತಿಯನ್ನು ಕಾಪಾಡಬೇಕು. ತಮ್ಮ ಅಲಕ್ಷ್ಯದಿಂದ ಒಬ್ಬ ತಾಯಿಗೆ ಇಷ್ಟು ನೆಮ್ಮದಿಯಾಗುವುದಾದರೆ, ತಾವು ಮುತುವರ್ಜಿ ವಹಿಸುವುದು ಬೇಡವೇ ಬೇಡ.

ತಮ್ಮ ಮರೆವಿನಲ್ಲಿ ಪೂರ್ಣ ನಂಬಿಕೆಯಿಟ್ಟಿರುವ
ತಮ್ಮ ವಿಶ್ವಾಸಿ,
ಬಯ್ಯಪ್ಪ
(ದರ್ಜೆ: ತಮ್ಮ ಇಷ್ಟ)

ಮರೆತ ಮಾತು: ತಮ್ಮ ಕೊನೆಯ ಲಕೋಟೆಯ ಮೇಲೆ "ಶ್ರೀಮತಿ ಬಯ್ಯಮ್ಮ" ಎಂದು ಟೈಪಾಗಿತ್ತು. ಆ ಹೆಂಗಸು ಯಾರು, ನನ್ನ ವಿಳಾಸದಲ್ಲಿ ಯಾವಾಗಿನಿಂದ ಇದ್ದಾಳೆ ಎಂದು ಅಕ್ಕಯ್ಯಮ್ಮ ಎರಡು ತಿಂಗಳಿಂದ ಕೇಳುತ್ತಿದ್ದಾಳೆ. ಬೇರೇನನ್ನೂ ತಿದ್ದದಿದ್ದರೂ ಚಿಂತೆಯಿಲ್ಲ, ಇದೊಂದನ್ನು ತಂತಿಯ ಮೂಲಕ ತಿದ್ದಿರಿ.