ನೈಟ್ ಕೋಬ್ರಾನ ಹಳೆಯ ಸಿ.ಡಿ.

"ಈ ಮೂರು ತಾಲೂಕಿನಲ್ಲಿ ನಾನು ಒಡೆಯದ ಪಾಸ್‌ವರ್ಡ್ ಇರಲಿಲ್ಲ!" ಎಂದು ಝಕರಿಯಾ ಬಂಟ್ವಾಳದ ತನ್ನ ಮನೆಯ ಚಾವಡಿಯಲ್ಲಿ ಘೋಷಿಸಿದಾಗ ಅಲ್ಲಿದ್ದ ಶ್ರೋತೃಗಳು ಇಬ್ಬರೇ: ಹೆಂಡತಿ ಫಾಹಿಮಾ, ಮಗಳು ಫಾಯಿಝಾ. ಇಬ್ಬರೂ ಕೇಳುತ್ತಿರಲಿಲ್ಲ.

ಕಪಾಟು ಒರೆಸುವಾಗ ಅವನಿಗೊಂದು ಸಿ.ಡಿ. ಸಿಕ್ಕಿತ್ತು. ಮೂಡುಬಿದಿರೆಯ ಧರ್ಣಪ್ಪಣ್ಣನ ಎಸ್.ಟಿ.ಡಿ. ಬೂತು ಸೈಬರ್ ಕೆಫೆಯಾಗಿ ಬಡ್ತಿ ಪಡೆದ ಕಾಲದ್ದು. ಆಗ ಕಾಲೇಜು ಹುಡುಗನಾಗಿದ್ದ ಝಕರಿಯಾ ಅಲ್ಲಿ 'ನೈಟ್ ಕೋಬ್ರಾ' ಎಂಬ ಬಿರುದು ಧರಿಸಿ ಚಾಟ್ ರೂಮುಗಳನ್ನು ಆಳುತ್ತಿದ್ದ. ಮುಖ ಕಾಣದ ಬ್ರೆಜಿಲಿನವನೊಬ್ಬ, ಪೋಲೆಂಡಿನವನೊಬ್ಬ ಬಿಟ್ಟಿಯಾಗಿ ವಿದ್ಯೆ ಕಲಿಸುತ್ತಿದ್ದರು. ಪಕ್ಕದವನ ಕಂಪ್ಯೂಟರಿನ ಸಿ.ಡಿ. ತಟ್ಟೆಯನ್ನು ಕುಳಿತಲ್ಲಿಂದಲೇ ಹೊರಗೆ ತಳ್ಳುವುದು, ಪರದೆಯನ್ನು ತಲೆಕೆಳಗು ಮಾಡುವುದು! ಕದಿಯುವುದೇನೂ ಇಲ್ಲ, ಬೆಚ್ಚಿಸಿ ನಗುವುದಷ್ಟೇ ಆ ಮಹಾಯುದ್ಧದ ಗುರಿ. ಇವತ್ತು ಸಿಸಿಟಿವಿ ಅಂಗಡಿ ನಡೆಸಿ ಉಣ್ಣುವುದು ಆ ಗುರುಗಳ ದಯೆಯಿಂದ ಎಂದು ಝಕರಿಯಾ ಈಗಲೂ ಕೃತಜ್ಞತೆಯಿಂದ ನೆನೆಯುತ್ತಾನೆ.

ಆ ಕಿತಾಪತಿಗಳ ಪ್ರೋಗ್ರಾಂ ಇದ್ದ ಸಿ.ಡಿ.ಯನ್ನು ಲುಂಗಿಯಲ್ಲಿ ಒರೆಸಿ ಕಂಪ್ಯೂಟರಿಗೆ ಉಣಿಸಿದ. "ಇದು ಅಪಾಯಕಾರಿ" ಎಂದು ಯಂತ್ರ ಕೂಗಿಕೊಂಡಿತು.

"ನೋಡು, ಗುರುತು ಹಿಡಿಯಿತು!" ಎಂದು ಹೆಮ್ಮೆಯಿಂದ 'ಓಪನ್' ಒತ್ತಿಯೇಬಿಟ್ಟ.

ಸಿ.ಡಿ. ತಟ್ಟೆ ಹೊರಗೆ ಬಂತು. ಒಳಗೆ ಹೋಯಿತು. ಮತ್ತೆ ಬಂತು. ಪರದೆ ಶೀರ್ಷಾಸನ ಹಾಕಿತು!

"ಉಪ್ಪಾ!" ಫಾಯಿಝಾ ಅಪ್ಪನತ್ತ ಚೀರಿದಳು. "ನನ್ನ ಪ್ರಾಜೆಕ್ಟ್ ಇದರಲ್ಲೇ ಇರುವುದು! ನಾಲ್ಕು ಗಂಟೆಯೊಳಗೆ ಕಾಲೇಜಿಗೆ ಕಳಿಸದಿದ್ದರೆ ಸೊನ್ನೆ!"

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೂ ಶೈತಾನ ಇಳಿಯಲಿಲ್ಲ. ಇಳಿಸಲು ನೈಟ್ ಕೋಬ್ರಾ ಅಂದು ಇಟ್ಟ ಪಾಸ್‌ವರ್ಡೇ ಬೇಕು. ಅದು ಝಕರಿಯಾನ ತಲೆಯಿಂದ ಎಂದೋ ಹಾರಿಹೋಗಿತ್ತು!

"ಮೂರು ತಾಲೂಕು ಬೇಡ," ಎಂದಳು ಫಾಹಿಮಾ, "ನಿಮ್ಮದೊಂದನ್ನು ಒಡೆಯಿರಿ ಸಾಕು."

ಬೆವರುತ್ತ ಅವನು ಕೆಫೆಯ ಪಕ್ಕದ ಕುರ್ಚಿಯ ಗೆಳೆಯ, ಈಗ ಬೆಳ್ತಂಗಡಿಯಲ್ಲಿ ಹೋಟೆಲು ನಡೆಸುವ ಸುಧಾಕರನಿಗೆ ಫೋನು ಹಚ್ಚಿದ. ಎರಡೂ ಕೈ ಕೀಲಿಮಣೆಯ ಮೇಲಿದ್ದುದರಿಂದ ಫೋನು ಸ್ಪೀಕರಿನಲ್ಲಿತ್ತು.

"ಅಯ್ಯೋ, ಅದು ಗೊತ್ತಿಲ್ಲದವರು ಯಾರು ಮಾರಾಯ! ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ ನೀನು ಒಂದೊಂದೇ ಅಂಕೆ ಗಟ್ಟಿಯಾಗಿ ಹೇಳಿಕೊಂಡೇ ಒತ್ತುತ್ತಿದ್ದದ್ದಲ್ಲವಾ? ಇಡೀ ಕೆಫೆಗೆ ಬಾಯಿಪಾಠ! ಬಾವಾಕನ ಮನೆಯ ಫೋನ್ ನಂಬರ್ ಅದು."

ಬಾವಾಕ ಎಂದರೆ ಫಾಹಿಮಾಳ ತಂದೆ. ತಟ್ಟೆಯೊಂದೇ ಬಂದು ಹೋಗುತ್ತಿತ್ತು.

ಫಾಹಿಮಾ ಗಂಡನನ್ನು ಪಕ್ಕಕ್ಕೆ ಸರಿಸಿ ತವರಿನ ಹಳೆಯ ನಂಬರನ್ನು ಸರಸರನೆ ಒತ್ತಿದಳು. ಪರದೆ ನೆಟ್ಟಗಾಯಿತು! ಪ್ರಾಜೆಕ್ಟನ್ನು ಕಳಿಸಿದ ಫಾಯಿಝಾ ಕುರ್ಚಿಗೊರಗಿ ಉಸಿರು ಬಿಟ್ಟಳು.

ಆಮೇಲೆ ವಿಚಾರಣೆ. "ಮದುವೆಗೆ ಮೊದಲೇ ನಮ್ಮ ನಂಬರ್ ನಿಮಗೆ ಹೇಗೆ ಗೊತ್ತು?"

"ನೀನು ಹಾಸ್ಟೆಲಿನಿಂದ ಬೂತಿಗೆ ಬಂದು ಮನೆಗೆ ಫೋನು ಮಾಡಲು ಧರ್ಣಪ್ಪಣ್ಣನಿಗೆ ದಿನಾ ನಂಬರ್ ಹೇಳುತ್ತಿದ್ದೆಯಲ್ಲ... ಕಿವಿಗೆ ಬಿತ್ತು. ಕರೆ ಮಾಡುವ ಧೈರ್ಯ ಬರಲಿಲ್ಲ. ಪಾಸ್‌ವರ್ಡ್ ಮಾಡಿಕೊಂಡೆ."

"ಕರೆ ನಾನು ಮಾಡಿದೆ!" ಎಂದಿತು ಸ್ಪೀಕರು. "ನಿಮ್ಮ ಮಗಳ ಮೇಲೆ ಇಲ್ಲೊಬ್ಬನಿಗೆ ಮನಸ್ಸುಂಟು, ಒಳ್ಳೆಯ ಹುಡುಗ ಎಂದು ಬಾವಾಕನಿಗೆ ಹೇಳಿದ್ದು ಈ ಸುಧಾಕರನೇ!"

ಝಕರಿಯಾ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಇಷ್ಟು ವರ್ಷ ಈ ಉಪಕಾರ ಅವನಿಗೆ ತಿಳಿದೇ ಇರಲಿಲ್ಲ. "ಮಾರಾಯ, ನಿನ್ನ ಋಣ ಹೇಗೆ ತೀರಿಸಲಿ! ನನ್ನ ಕಂಪ್ಯೂಟರ್ ವಿದ್ಯೆಯ ವಿಷಯ ಹೇಳಿದೆಯಾ? ಅದನ್ನು ಕೇಳಿಯೇ ಒಪ್ಪಿದರಾ?"

"ಹೇಳಿದೆ. ಕಳ್ಳವಿದ್ಯೆಯವನಿಗೆ ಹೆಣ್ಣು ಕೊಡುವುದಿಲ್ಲ ಎಂದರು."

"ಮತ್ತೆ?"

"ಪಾಸ್‌ವರ್ಡನ್ನು ಸಹ ಕೂಗಿ ಹೇಳುವವ, ಇವನ ಹೊಟ್ಟೆಯಲ್ಲಿ ಒಂದು ಗುಟ್ಟೂ ನಿಲ್ಲುವುದಿಲ್ಲ ಎಂದೆ. ಆಗ ಬಾವಾಕ ನಕ್ಕು, 'ಹಾಗಾದರೆ ಮಗಳು ಸುಖವಾಗಿರುತ್ತಾಳೆ, ಕರೆದುಕೊಂಡು ಬಾ' ಎಂದರು!"