ಅಮಾವಾಸ್ಯೆಯಂದು ಚಪ್ಪಲಿ ಕಾಯ್ದದ್ದು

ಕಮಲಕ್ಕನ ಮೊಣಕಾಲು ನೋವಿಗೆ ಸಮುದ್ರದ ಉಪ್ಪುನೀರು ಒಳ್ಳೆಯದು ಎಂದು ಹೇಳಿದ್ದು ಯಾವ ಡಾಕ್ಟರೂ ಅಲ್ಲ, ನಾನು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳಿಗೆ ವೈದ್ಯಕೀಯ ಸಲಹೆ ಕೊಡುವ ಅಧಿಕಾರ ತಾನಾಗಿಯೇ ಬರುತ್ತದೆ ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು.

ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ನಾನು ಮೈಸೂರಿನವಳು, ಮೂರನೇ ಮಹಡಿ. ಅವರು ಧಾರವಾಡದವರು, ಎರಡನೇ ಮಹಡಿ. ಇಬ್ಬರೂ ಒಂಟಿ. ಅವರ ಮನೆಗೆ ಬೀಗ ಬಿದ್ದ ದಿನ ನನ್ನೊಡನೆ ಮಾತಾಡುವುದು ಲಿಫ್ಟ್ ಒಂದೇ. ಅದೂ ‘ಕೃಪಯಾ ದರವಾಜಾ ಬಂದ್ ಕೀಜಿಯೇ’ ಎಂದು ಬಾಗಿಲು ಮುಚ್ಚಲು ಕೇಳುವುದರ ಆಚೆಗೆ ಮಾತು ಬೆಳೆಸುವುದಿಲ್ಲ.

“ಹೋಗೂಣಂತ್ರೀ ಟೀಚರ್,” ಎಂದರು ಕಮಲಕ್ಕ. “ಆದ್ರ ಸಮುದ್ರಕ್ಕ ಕಂಡ ಕಂಡ ದಿನ ಇಳೀಬಾರದು. ಅಮಾಸಿ, ಹುಣ್ಣಿವಿ ಇದ್ರಷ್ಟ ಅಂತ ನಮ್ಮತ್ತಿ ಹೇಳ್ತಿದ್ರು.”

ಗೋಡೆಯ ಕ್ಯಾಲೆಂಡರ್ ನೋಡಿ ಶ್ರಾವಣದ ಅಮಾವಾಸ್ಯೆಯನ್ನು ಗೊತ್ತುಮಾಡಿದವಳೂ ನಾನೇ. ಆ ದಿನ ಸೂರ್ಯ ಚಂದ್ರರು ಒಂದೇ ಕಡೆಯಿಂದ ಎಳೆಯುತ್ತಾರೆ, ಉಬ್ಬರ ಉಳಿದ ದಿನಗಳಿಗಿಂತ ಜೋರಾಗಿರುತ್ತದೆ. ಇದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಚಿತ್ರ ಚೆನ್ನಾಗಿ ಬರುತ್ತಿತ್ತು. ಆದರೆ ಅದು ಪರೀಕ್ಷೆಯ ಚಂದ್ರ, ಇದು ಕ್ಯಾಲೆಂಡರಿನ ಚಂದ್ರ. ಇಬ್ಬರೂ ಒಬ್ಬನೇ ಎಂದು ನನಗೆ ಹೊಳೆಯಲಿಲ್ಲ.

ಹತ್ತೂವರೆಗೆ ರಿಕ್ಷಾದಲ್ಲಿ ಜುಹೂ ತಲುಪಿದೆವು. ಮರಳಿನಲ್ಲಿ ಒಂದು ಕೆಂಪು ಬಾವುಟ ನೆಟ್ಟಿದ್ದರು. ಯಾವುದೋ ಪಕ್ಷದ್ದಿರಬೇಕು ಎಂದುಕೊಂಡೆ. ಹಳದಿ ಅಂಗಿಯ ಜೀವರಕ್ಷಕ ನಮ್ಮ ಕಡೆ ನೋಡಿ ಸೀಟಿ ಊದಿದ.

“ಯಾರಿಗ್ರೀ ಊದ್ಲಿಕ್ಕತ್ತಾನ?”

“ಹುಡುಗರಿಗೆ. ನಮ್ಮ ವಯಸ್ಸಿನವರಿಗೆ ಯಾರು ಸೀಟಿ ಊದುತ್ತಾರೆ, ಕಮಲಕ್ಕ?”

“ಹಂಗನಬ್ಯಾಡ್ರಿ. ಇವತ್ತ ನಿಮ್ಮ ಸೀರಿ ಭಾಳ ಛಂದ ಅದ.”

ನಗುತ್ತಲೇ ಅವರು ಮೊಣಕಾಲುದ್ದ ನೀರಿನಲ್ಲಿ ನಿಂತರು. ಈಜು ಬಾರದ ನಾನು, ನೀರಿಗಿಳಿಯದವರಿಗೆ ಪರಂಪರೆಯಿಂದ ಮೀಸಲಾದ ಹುದ್ದೆಯನ್ನು ಸ್ವೀಕರಿಸಿದೆ: ಚಪ್ಪಲಿ ಕಾಯುವುದು. ಹಿಮ್ಮಡಿ ನೋವಿಗೆಂದು ಡಾಕ್ಟರು ಹೇಳಿ ತರಿಸಿದ ಅವರ ಮೆತ್ತನೆಯ ಚಪ್ಪಲಿಗಳನ್ನು ಒದ್ದೆ ಮರಳಿನ ಮೇಲೆ ಜೋಡಿಸಿ ಪಕ್ಕದಲ್ಲೇ ಕೂತೆ. ಮರಳು ಯಾಕೆ ಒದ್ದೆಯಾಗಿದೆ ಎಂದು ನನ್ನ ಭೌತಶಾಸ್ತ್ರ ಕೇಳಲಿಲ್ಲ.

ಉತ್ತರವನ್ನು ಸಮುದ್ರವೇ ಕೊಟ್ಟಿತು. ಒಂದು ಅಲೆ ಕೂತಿದ್ದ ನನ್ನ ಸೊಂಟದವರೆಗೆ ಬಂತು. ಹೋಗುವಾಗ ಎರಡೂ ಚಪ್ಪಲಿಗಳನ್ನು ಒಯ್ದಿತು.

“ಕಮಲಕ್ಕ, ನಿಮ್ಮ ಚಪ್ಪಲಿ! ಬಲಗಡೆ, ಹಿಡಿಯಿರಿ!”

“ಎಲ್ಲದರೀ?”

“ಇನ್ನೂ ಸ್ವಲ್ಪ ಮುಂದೆ. ಇನ್ನೂ ಮುಂದೆ.”

ಹಿಂದಿನ ಬೆಂಚಿನವರನ್ನು ಬೋರ್ಡಿಗೆ ಕರೆಯುವ ದನಿಯಲ್ಲಿ ಅವರನ್ನು ಆಳಕ್ಕೆ ಕಳಿಸಿದೆ. ಅಷ್ಟರಲ್ಲಿ ಅವರ ಎಡಪಕ್ಕದಲ್ಲೇ ಇನ್ನೊಂದು ಚಪ್ಪಲಿ ತೇಲಿತು. ಅದನ್ನೇ ನೋಡುತ್ತ ನಾನೂ ನೀರಿಗೆ ನುಗ್ಗಿದೆ. ಮೊಣಕಾಲು, ತೊಡೆ, ಸೊಂಟ. ಕೈ ಚಾಚಿದರೆ ಸಿಗಬೇಕು, ಹಾಗಿತ್ತು. ಆಗ ಕಾಲಡಿಯ ಮರಳು ಜಾರಿತು, ಕಿವಿಯ ಪಕ್ಕದಲ್ಲೇ ಸೀಟಿ ಕೇಳಿತು, ಯಾರೋ ನನ್ನ ರಟ್ಟೆ ಹಿಡಿದರು. ಜೀವರಕ್ಷಕ. ಅವನ ಇನ್ನೊಂದು ಕೈಯಲ್ಲಿ ತೇಲುವ ಕೆಂಪು ಟ್ಯೂಬು, ಅದನ್ನು ಅಪ್ಪಿಕೊಂಡು, ಕೂದಲು ಬಿಚ್ಚಿಹೋಗಿ, ನೀರು ಕಾರುತ್ತಿದ್ದ ಕಮಲಕ್ಕ.

ಅವರು ಮುಳುಗಿದ್ದು ನನಗೆ ಗೊತ್ತಾದದ್ದು ಆಗಲೇ.

“ಸೀಟಿ ಸುನಾಯೀ ನಹೀ ದೇತೀ ಕ್ಯಾ, ಆಂಟಿ?” ದಡದಲ್ಲಿ ಅವನು ನನ್ನನ್ನು ಗದರಿದ. “ತೈರ್ನಾ ನಹೀ ಆತಾ, ಔರ್ ದೂಸರೇ ಕೋ ಬಚಾನೇ ಚಲೀ!”

ಸೀಟಿ ಕೇಳಿಸದವಳು, ಈಜು ಬಾರದೆ ಇನ್ನೊಬ್ಬರನ್ನು ಉಳಿಸಲು ಹೊರಟವಳು. ಅಲ್ಲ ಎನ್ನಲು ಬಾಯಿ ತೆರೆದೆ. ಹಲ್ಲು ಕಟಕಟ ಎನ್ನುತ್ತಿತ್ತು. ಕೊನೆಗೆ ಹೌದೆಂದು ತಲೆಯಾಡಿಸಿದೆ.

ಮರುದಿನದೊಳಗೆ ಟೀಚರ್ ಸಮುದ್ರಕ್ಕೆ ಹಾರಿದ ಸುದ್ದಿ ಬಿಲ್ಡಿಂಗೆಲ್ಲ ಹರಡಿತು. ಹನ್ನೊಂದು ವರ್ಷ ನನ್ನ ಹೆಸರು ಕೇಳದವರು ಬಾಗಿಲಿಗೆ ಬಂದು ಕೈಮುಗಿದರು. ಕಮಲಕ್ಕನ ಮಗ ಪನವೇಲಿನಿಂದ ಧಾವಿಸಿ ಬಂದ. ಅಮ್ಮನನ್ನು ಕಾಯಂ ಆಗಿ ತನ್ನ ಮನೆಗೆ ಕರೆದೊಯ್ಯುವುದು ಅವನ ಹಟ.

“ಟೀಚರ್ ಇರೂತನಕ ನನಗೇನ್ ಅಂಜಿಕಿ?” ಎಂದರು ಕಮಲಕ್ಕ. “ಜೀವದ ಹಂಗ ಬಿಟ್ಟು ಹಾರಿದ್ರಪಾ ನನಗಾಗಿ.”

ಅವನು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಒಬ್ಬನೇ ಹಿಂದಿರುಗಿದ.

ಐದು ದಿನ ಬಕೆಟ್ಟಿಗೆ ನೀರು ಬಿಟ್ಟರೂ ‘ಇನ್ನೂ ಮುಂದೆ’ ಎಂಬ ನನ್ನದೇ ದನಿ ಕೇಳುತ್ತಿತ್ತು. ನಿಜ ಹೇಳಿದರೆ ಅವರು ಮಗನ ಮನೆಗೆ ಹೋಗುತ್ತಾರೆ, ನನಗೆ ಲಿಫ್ಟ್ ಉಳಿಯುತ್ತದೆ. ಹೇಳದಿದ್ದರೆ ಅವರು ನನ್ನನ್ನು ನಂಬಿ ಇಲ್ಲೇ ಇರುತ್ತಾರೆ, ಅದು ಇನ್ನೂ ಭಯಂಕರ. ಆರನೇ ದಿನ ಮಧ್ಯಾಹ್ನ ಕೆಳಗಿಳಿದು ಹೋದೆ. ಕಮಲಕ್ಕ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

“ಕಮಲಕ್ಕ, ನಾನು ನಿಮ್ಮನ್ನು ಉಳಿಸಲು ನೀರಿಗಿಳಿಯಲಿಲ್ಲ. ಚಪ್ಪಲಿಗೆ ಇಳಿದೆ.”

“ಗೊತ್ತದ್ರೀ,” ಎಂದರು, ತಲೆಯೆತ್ತದೆ. “ನಿಮಗ ಕೈ ಚಾಚಿದ್ದೆ. ನನ್ನ ಬಾಜೂಕಿಂದನ ದಾಟಿ ಹೋದ್ರಿ.”

“ಮತ್ತೆ ಮಗನಿಗೆ ಹಾಗೇಕೆ ಹೇಳಿದಿರಿ?”

“ಖರೇ ಹೇಳಿದ್ರ ಪನವೇಲಿಗೆ ಒಯ್ತಾನ. ಹದಿನಾಲ್ಕನೇ ಮಾಳಗಿ. ದಿನಾ ಪೂರ್ತಿ ಪಾರಿವಾಳದ ಜೋಡಿ ಮಾತಾಡ್ಲೇನು? ಕೂಡ್ರಿ, ಈ ಕಡ್ಡಿ ಮುರೀರಿ.”

ಕೂತೆ. ಕಡ್ಡಿ ಮುರಿದೆ. ಕಣ್ಣು ಮೂಗಿನ ತುಂಬ ಉಪ್ಪುನೀರು ತುಂಬಿಕೊಂಡು ಮುಳುಗುತ್ತಿದ್ದವರು ನನ್ನನ್ನು ನೋಡಿದ್ದರು. ಕಾಯಲೆಂದೇ ಹೋಗಿದ್ದ ನಾನು ಅವರನ್ನು ನೋಡಿರಲಿಲ್ಲ.